ಮಾತು ಕೇಳಿಸದ ಮಾತುಗಾರ ಬಾಲಣ್ಣ

ಬೆಂಗಳೂರಿನ ಉತ್ತರಹಳ್ಳಿ–ಕೆಂಗೇರಿ ರಸ್ತೆಯಲ್ಲಿರುವ ಅಭಿಮಾನ್ ಸ್ಟುಡಿಯೋ 2025ರ ಆಗಸ್ಟ್‌ನಲ್ಲಿ ವಾರಗಟ್ಟಲೆ ಸುದ್ದಿಯಲ್ಲಿತ್ತು. ನಟ ವಿಷ್ಣುವರ್ಧನ್ ಅವರ ಅಂತ್ಯಕ್ರಿಯೆ ನಡೆದ ಜಾಗದಲ್ಲಿದ್ದ ಸಮಾಧಿಯನ್ನು ರಾತ್ರೋರಾತ್ರಿ ನೆಲಸಮ ಮಾಡಲಾಗಿತ್ತು. ಅಭಿಮಾನಿಗಳು ಬೀದಿಗಿಳಿದರು, ಹೇಳಿಕೆಗಳು ಬಂದವು, ಜಮೀನಿನ ದಾಖಲೆಗಳ ಬಗ್ಗೆ ಚರ್ಚೆಯಾಯಿತು. ಈ ಗದ್ದಲದ ನಡುವೆ ಇನ್ನೊಂದು ಹೆಸರೂ ಆಗಾಗ ಕೇಳಿಬರುತ್ತಿತ್ತು: ಸ್ಟುಡಿಯೋ ಕಟ್ಟಿದ ಹಿರಿಯ ನಟ ಟಿ.ಎನ್. ಬಾಲಕೃಷ್ಣ. ಆದರೆ ಆ ಹೆಸರು ಬಂದದ್ದು ಹೆಚ್ಚಾಗಿ ಸರ್ವೆ ನಂಬರು, ಎಕರೆ, ಮಂಜೂರಾತಿ ಎಂಬ ಮಾತುಗಳ ಜೊತೆಗೆ.

ನಲವತ್ತು ದಾಟಿದ ಕನ್ನಡಿಗರಿಗೆ ಈ ಮನುಷ್ಯನ ಪರಿಚಯ ಮಾಡಿಕೊಡಬೇಕಾಗಿಲ್ಲ. ಸಣ್ಣ ಆಳು, ಚುರುಕು ಕಣ್ಣು, ಎಳೆದು ಎಳೆದು ಆಡುವ ಮಾತು. ತೆರೆಯ ಮೇಲೆ ಕಂಡರೆ ಸಾಕು, ‘ಇವನೇನೋ ಹುನ್ನಾರ ಮಾಡಲು ಬಂದ’ ಎಂದು ಪ್ರೇಕ್ಷಕರು ಎಚ್ಚೆತ್ತು ಕೂರುತ್ತಿದ್ದರು. ಚಿತ್ರರಂಗದವರಿಗೆ ಅವರು ಪ್ರೀತಿಯ ‘ಬಾಲಣ್ಣ’. ಐದು ದಶಕಗಳಲ್ಲಿ ಐನೂರಕ್ಕೂ ಹೆಚ್ಚು ಚಿತ್ರಗಳು ಅವರ ಹೆಸರಿನಲ್ಲಿವೆ. ಅಷ್ಟೂ ಚಿತ್ರಗಳಲ್ಲಿ ಮಾತೇ ಅವರ ಬಂಡವಾಳ. ಅಂಥ ಮಾತುಗಾರನಿಗೆ ಎದುರಿಗಿದ್ದವರ ಮಾತು ಮಾತ್ರ ಕೇಳಿಸುತ್ತಿರಲಿಲ್ಲ. ಬಾಲ್ಯದಿಂದಲೂ ಅವರಿಗೆ ಶ್ರವಣ ದೋಷವಿತ್ತು.

ಪೋಷಕ ನಟ ಎಂದರೆ ಯಾರು? ನಾಯಕನ ಮಾತಿಗೆ ಮಾತು ಜೋಡಿಸುವವನು, ನಾಯಕನ ಗುಣವೋ ಕಷ್ಟವೋ ಎದ್ದು ಕಾಣುವಂತೆ ಎದುರು ನಿಲ್ಲುವವನು. ಈ ಕೆಲಸಕ್ಕೆ ಬೇಕಾದ ಮೊದಲ ಅರ್ಹತೆ ಇನ್ನೊಬ್ಬರನ್ನು ಕೇಳಿಸಿಕೊಳ್ಳುವುದು. ಬಾಲಕೃಷ್ಣ ಅವರಿಗೆ ನಿಸರ್ಗ ನಿರಾಕರಿಸಿದ್ದು ಅದನ್ನೇ. ಹೀಗಿದ್ದೂ ಕನ್ನಡ ಚಿತ್ರರಂಗ ಅವರ ಹೆಗಲ ಮೇಲೆ ಐವತ್ತು ವರ್ಷ ಭಾರ ಹಾಕಿತು. ಅವರು ಚಿತ್ರರಂಗದ ಮೇಲೆ ಭಾರ ಹಾಕಿದ್ದು ಬಹುಶಃ ಒಂದೇ ಬಾರಿ, ಸ್ಟುಡಿಯೋ ಕಟ್ಟಲು ಹೊರಟಾಗ. ಆ ಲೆಕ್ಕ ಮಾತ್ರ ಇನ್ನೂ ಚುಕ್ತಾ ಆಗಿಲ್ಲ.

ಒಂದೇ ರೈಲು ಮಾರ್ಗದ ಊರುಗಳು

ಬಾಲಕೃಷ್ಣ ಹುಟ್ಟಿದ್ದು 1911ರಲ್ಲಿ, ಹಾಸನ ಜಿಲ್ಲೆಯ ಅರಸೀಕೆರೆಯಲ್ಲಿ. ಬೆಂಗಳೂರಿನಿಂದ ಹುಬ್ಬಳ್ಳಿ ಕಡೆಗೆ ಹೋಗುವ ರೈಲಿನಲ್ಲಿ ಕುಳಿತರೆ ತುಮಕೂರು ದಾಟಿದ ಮೇಲೆ ಗುಬ್ಬಿ, ಆಮೇಲೆ ತಿಪಟೂರು, ಆಮೇಲೆ ಅರಸೀಕೆರೆ ಸಿಗುತ್ತವೆ. ತೆಂಗು, ಕೊಬ್ಬರಿಯ ಸೀಮೆ. ಕನ್ನಡದ ಹಾಸ್ಯಕ್ಕೂ ಈ ಮಾರ್ಗಕ್ಕೂ ಏನೋ ನಂಟಿದೆ. ಗುಬ್ಬಿ ಕಂಪನಿಯನ್ನು ನಾಡಿನ ಉದ್ದಗಲಕ್ಕೂ ಒಯ್ದ ಗುಬ್ಬಿ ವೀರಣ್ಣ ಸ್ವತಃ ಹೆಸರಾಂತ ಹಾಸ್ಯ ನಟ. ‘ಹಾಸ್ಯ ಚಕ್ರವರ್ತಿ’ ನರಸಿಂಹರಾಜು ತಿಪಟೂರಿನವರು. ಮುಂದಿನ ನಿಲ್ದಾಣ ಬಾಲಕೃಷ್ಣ ಅವರದು.

ಇದನ್ನು ಬರೀ ಕಾಕತಾಳೀಯ ಎನ್ನಲಾಗದು. ನಾಟಕ ಕಂಪನಿಗಳ ಬದುಕು ರೈಲಿನ ಜೊತೆ ಹೊಂದಿಕೊಂಡಿತ್ತು. ಪರದೆ, ಸೀನರಿ, ಪೆಟ್ಟಿಗೆಗಟ್ಟಲೆ ಉಡುಪು, ಕಿರೀಟ, ಗದೆ, ಅಡುಗೆ ಪಾತ್ರೆ, ನೂರಾರು ಜನ ಎಲ್ಲವೂ ಊರಿಂದೂರಿಗೆ ಸಾಗಬೇಕು. ಗುಬ್ಬಿ ಕಂಪನಿಯ ‘ಕುರುಕ್ಷೇತ್ರ’ದಲ್ಲಂತೂ ಆನೆ ಕುದುರೆಗಳೇ ರಂಗಕ್ಕೆ ಬರುತ್ತಿದ್ದವು. ರೈಲು ನಿಲ್ಲುವ ಊರಿನಲ್ಲಿ ಕಂಪನಿ ಮೊಕ್ಕಾಂ ಮಾಡುವುದು ಸುಲಭ. ಸಂತೆಗೆ ಬಂದ ಸುತ್ತಲ ಹಳ್ಳಿಯ ಜನ ರಾತ್ರಿಯ ಆಟ ನೋಡಿ ಬೆಳಗಿನ ಗಾಡಿಗೆ ಮರಳುವುದೂ ಸುಲಭ. ಇಂಥ ಊರಿನ ಹುಡುಗರಿಗೆ ನಾಟಕದ ಹುಚ್ಚು ಹತ್ತಲು ಬೇರೆ ಕಾರಣ ಬೇಕಿರಲಿಲ್ಲ.

ಬಡತನದಲ್ಲಿ ಬೆಳೆದ ಬಾಲಕೃಷ್ಣ ಕೂಡ ಎಳೆಯ ವಯಸ್ಸಿನಲ್ಲೇ ಕಂಪನಿ ನಾಟಕದ ಸೆಳೆತಕ್ಕೆ ಸಿಕ್ಕಿದರು. ಅಂದಿನ ಕಂಪನಿಗಳಲ್ಲಿ ಸೇರಿದ ಹುಡುಗನಿಗೆ ನೇರವಾಗಿ ಪಾರ್ಟು ಸಿಗುತ್ತಿರಲಿಲ್ಲ. ಪರದೆ ಎಳೆಯುವುದು, ದೀಪಕ್ಕೆ ಗಾಳಿ ಹಾಕುವುದು, ಉಡುಪು ಮಡಿಸುವುದು, ಊರಿನಲ್ಲಿ ಕರಪತ್ರ ಹಂಚುವುದು ಇವೆಲ್ಲ ಮೊದಲು. ಹೊಟ್ಟೆಗೆ ಊಟ, ಮಲಗಲು ಜಾಗ ಸಿಕ್ಕರೆ ಅದೇ ಸಂಬಳ. ರಾತ್ರಿಯೆಲ್ಲ ಸೈಡ್ ವಿಂಗಿನಲ್ಲಿ ನಿಂತು ದೊಡ್ಡ ನಟರ ಅಭಿನಯ ನೋಡಿ ನೋಡಿ, ಒಂದು ದಿನ ಯಾರೋ ಜ್ವರದಲ್ಲಿ ಮಲಗಿದಾಗ ಬದಲಿಗೆ ಬಣ್ಣ ಹಚ್ಚಿಕೊಳ್ಳುವ ಅವಕಾಶ ಬರುತ್ತಿತ್ತು. ಹಲವು ಕಂಪನಿಗಳ ಅನ್ನ ಉಂಡ ಬಾಲಕೃಷ್ಣ ಗುಬ್ಬಿ ಕಂಪನಿಯಲ್ಲೂ ಪಳಗಿದರು. ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಅವರೂ ಅದೇ ಗರಡಿಯಲ್ಲಿ ಬೆಳೆದವರು.

ಪ್ರಾಂಪ್ಟರ್ ನೆರವಿಲ್ಲದೆ

ಶ್ರವಣ ದೋಷವಿರುವ ಹುಡುಗ ಕಂಪನಿ ನಾಟಕದಲ್ಲಿ ನಟನಾಗುವುದು ಎಷ್ಟು ಕಷ್ಟ ಎಂಬುದು ಅರ್ಥವಾಗಬೇಕಾದರೆ ಆ ರಂಗಭೂಮಿಯ ರೀತಿ ರಿವಾಜು ಸ್ವಲ್ಪ ತಿಳಿದಿರಬೇಕು.

ಕಂಪನಿ ಒಂದು ಊರಿನಲ್ಲಿ ತಿಂಗಳುಗಟ್ಟಲೆ ಇರುತ್ತಿತ್ತು. ಹತ್ತಾರು ನಾಟಕಗಳು ಒಂದರ ಹಿಂದೊಂದು ನಡೆಯುತ್ತಿದ್ದವು. ಇಂದು ಪೌರಾಣಿಕ, ನಾಳೆ ಸಾಮಾಜಿಕ, ನಾಡಿದ್ದು ಭಕ್ತಿ ಕಥೆ. ಎಲ್ಲ ಮಾತುಗಳೂ ಎಲ್ಲರಿಗೂ ಬಾಯಿಪಾಠ ಇರುವುದು ಸಾಧ್ಯವಿಲ್ಲ. ಆದ್ದರಿಂದ ಸೈಡ್ ವಿಂಗಿನಲ್ಲಿ ಪುಸ್ತಕ ಹಿಡಿದ ಪ್ರಾಂಪ್ಟರ್ ನಿಂತಿರುತ್ತಿದ್ದ. ನಟ ತಡವರಿಸಿದರೆ ಆತ ಮೆಲ್ಲಗೆ ಮಾತಿನ ಎಳೆ ಎತ್ತಿಕೊಡುತ್ತಿದ್ದ. ಹಾರ್ಮೋನಿಯಂ ಮೇಷ್ಟ್ರು ಕೊಡುವ ಶ್ರುತಿ, ತಬಲಾ ಪೆಟ್ಟು, ಒಳಗಿನಿಂದ ಬರುವ ಗಂಟೆ, ಪ್ರವೇಶದ ಸೂಚನೆ ಎಲ್ಲವೂ ಕಿವಿಯ ಮೂಲಕವೇ. ಜೊತೆಗೆ ಪ್ರೇಕ್ಷಕರ ಚಪ್ಪಾಳೆ, ನಗು, ‘ಒನ್ಸ್ ಮೋರ್’ ಕೂಗು. ಹಾಸ್ಯ ನಟನಿಗಂತೂ ನಗು ಕೇಳಿಸುವುದು ಅತಿ ಮುಖ್ಯ. ನಗು ಏರುವಾಗ ಮಾತು ನಿಲ್ಲಿಸಬೇಕು, ಇಳಿಯುವಾಗ ಮುಂದಿನ ಮಾತು ಬಿಡಬೇಕು. ಒಂದು ಕ್ಷಣ ಹಿಂದೆ ಮುಂದೆ ಆದರೂ ನಗೆಚಾಟಿಕೆ ನೀರಿನಲ್ಲಿ ಹೋಮ.

ಈ ಯಾವ ನೆರವೂ ಬಾಲಕೃಷ್ಣ ಅವರಿಗೆ ದಕ್ಕುವಂತಿರಲಿಲ್ಲ. ಪ್ರಾಂಪ್ಟರ್ ಪಿಸುಮಾತು ಅವರಿಗೆ ತಲುಪುತ್ತಿರಲಿಲ್ಲ. ಹಾಗಾಗಿ ಅವರ ಮುಂದಿದ್ದುದು ಒಂದೇ ದಾರಿ. ತಮ್ಮ ಮಾತನ್ನಷ್ಟೇ ಅಲ್ಲ, ಎದುರಿನವರ ಮಾತನ್ನೂ ಬಾಯಿಪಾಠ ಮಾಡಬೇಕು. ಎದುರಿನ ನಟನ ತುಟಿ ಎಲ್ಲಿ ನಿಲ್ಲುತ್ತದೆ, ಯಾವ ಅಕ್ಷರಕ್ಕೆ ಮುಚ್ಚುತ್ತದೆ ಎಂದು ನೋಡಿ ಲೆಕ್ಕ ಹಾಕಬೇಕು. ಅವನ ಕಣ್ಣು, ಹುಬ್ಬು, ಭುಜ, ಕೈ ಬೆರಳು ಎಲ್ಲವೂ ಸೂಚನೆ. ತುಟಿ ಚಲನೆಯನ್ನು ನೋಡಿ ಮಾತು ಹಿಡಿಯುವ ಈ ವಿದ್ಯೆಯಲ್ಲಿ ಅವರು ಎಷ್ಟು ನುರಿತರೆಂದರೆ ಪ್ರೇಕ್ಷಕರಿಗೆ ಅವರ ಕಿವಿಯ ದೋಷದ ಸುಳಿವೇ ಸಿಗುತ್ತಿರಲಿಲ್ಲ.

ಇದರಿಂದ ಅವರ ಅಭಿನಯಕ್ಕೆ ಒಂದು ವಿಶೇಷ ಗುಣವೂ ಬಂತು. ಅವರ ಹಳೆಯ ಚಿತ್ರಗಳನ್ನು ಈಗ ನೋಡುವಾಗ ಗಮನಿಸಿ. ಎದುರಿನವರು ಮಾತನಾಡುವಾಗ ಅವರ ದೃಷ್ಟಿ ಅತ್ತಿತ್ತ ಹೊರಳುವುದು ಕಡಿಮೆ. ಮುಖವನ್ನೇ ನೆಟ್ಟ ನೋಟದಿಂದ ನೋಡುತ್ತಿರುತ್ತಾರೆ. ಕಥೆಯಲ್ಲಿ ಅದು ಹೊಂಚು ಹಾಕುವವನ ನೋಟವಾಗಿ ಕಾಣುತ್ತದೆ. ‘ಈ ಮನುಷ್ಯ ಎದುರಿನವರ ಮನಸ್ಸನ್ನು ಓದುತ್ತಿದ್ದಾನೆ’ ಎನಿಸುತ್ತದೆ. ನಿಜವಾಗಿ ಅವರು ಓದುತ್ತಿದ್ದುದು ತುಟಿಯನ್ನು. ಬದುಕಿನ ಅನಿವಾರ್ಯತೆ ತೆರೆಯ ಮೇಲೆ ಪಾತ್ರದ ಸ್ವಭಾವವಾಗಿ ಒದಗಿಬಂತು.

ಅಂದಿನ ಚಿತ್ರೀಕರಣದ ಸ್ಥಿತಿಯನ್ನೂ ನೆನೆಯಬೇಕು. ಕಚ್ಚಾ ಫಿಲ್ಮ್ ದುಬಾರಿ. ಸ್ಟುಡಿಯೋ ಬಾಡಿಗೆ ದಿನದ ಲೆಕ್ಕ. ಒಬ್ಬ ನಟ ಒಂದು ಮಾತು ತಪ್ಪಿದರೆ ಮತ್ತೆ ಶಾಟ್, ಮತ್ತೆ ಫಿಲ್ಮ್, ನಿರ್ಮಾಪಕನ ಎದೆ ಬಡಿತ ಏರುತ್ತಿತ್ತು. ಕಿವಿ ಕೇಳದವನನ್ನು ಕರೆಯುವುದೇಕೆ ಎಂದು ಯಾರಾದರೂ ಹೇಳಬಹುದಾಗಿದ್ದ ಕಾಲವದು. ಅಂಥ ಕಾಲದಲ್ಲಿ ನಿರ್ಮಾಪಕರು ಅವರನ್ನೇ ಮತ್ತೆ ಮತ್ತೆ ಕರೆದರೆಂದರೆ ಕರುಣೆಯಿಂದ ಕರೆದದ್ದಲ್ಲ. ಕೆಲಸ ಕೆಡುವುದಿಲ್ಲ ಎಂಬ ಭರವಸೆ ಅವರಿಗಿತ್ತು.

1964ರಲ್ಲಿ ಎನ್. ಲಕ್ಷ್ಮೀನಾರಾಯಣ್ ನಿರ್ದೇಶಿಸಿದ ‘ನಾಂದಿ’ ಬಂತು. ಮಾತು ಬಾರದ, ಕಿವಿ ಕೇಳದ ಹೆಣ್ಣಿನ ಬದುಕನ್ನು ಹರಿಣಿ ಅದರಲ್ಲಿ ಅಭಿನಯಿಸಿದ್ದರು. ಶ್ರವಣ ದೋಷ ಉಳ್ಳವರ ಬಗ್ಗೆ ಕನ್ನಡ ಪ್ರೇಕ್ಷಕ ಗಂಭೀರವಾಗಿ ಯೋಚಿಸಲು ಆ ಚಿತ್ರ ಕಾರಣವಾಯಿತು. ಆ ವೇಳೆಗಾಗಲೇ ಶ್ರವಣ ದೋಷವಿದ್ದ ಒಬ್ಬ ನಟ ಇಪ್ಪತ್ತು ವರ್ಷಗಳಿಂದ ಅದೇ ತೆರೆಯ ಮೇಲೆ ಮಾತಿನ ಮಲ್ಲನೆನಿಸಿಕೊಂಡಿದ್ದ ಎಂಬುದು ಎಷ್ಟು ಪ್ರೇಕ್ಷಕರಿಗೆ ಹೊಳೆದಿತ್ತೋ.

ಮದರಾಸಿನ ಬಿಸಿಲು

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡಿದ್ದು 1934ರಲ್ಲಿ. ಅದರ ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ಕನ್ನಡ ಚಿತ್ರ ಕನ್ನಡ ನೆಲದ ಹೊರಗೆ ಹುಟ್ಟುವ ಈ ಪರಿಪಾಠ ಮುಂದೆ ದಶಕಗಳ ಕಾಲ ಮುಂದುವರಿಯಿತು. ಬಾಲಕೃಷ್ಣ ಚಿತ್ರರಂಗ ಪ್ರವೇಶಿಸಿದ್ದು 1943ರ ‘ರಾಧಾರಮಣ’ದ ಮೂಲಕ. ಜಿ.ವಿ. ಅಯ್ಯರ್ ಅವರಿಗೂ ಅದೇ ಮೊದಲ ಚಿತ್ರ. ಅದು ಯುದ್ಧದ ಕಾಲ. ಕನ್ನಡದಲ್ಲಿ ಚಿತ್ರ ತಯಾರಾಗುತ್ತಿದ್ದುದೇ ಅಪರೂಪ. ಸಿನಿಮಾ ನಂಬಿ ಬದುಕುವುದು ಕಷ್ಟವಾಗಿದ್ದರಿಂದ ನಟರ ಒಂದು ಕಾಲು ನಾಟಕದಲ್ಲಿ, ಇನ್ನೊಂದು ಕಾಲು ಸ್ಟುಡಿಯೋದಲ್ಲಿ.

1954ರಲ್ಲಿ ‘ಬೇಡರ ಕಣ್ಣಪ್ಪ’ ಗೆದ್ದ ಮೇಲೆ ಸ್ಥಿತಿ ಸ್ವಲ್ಪ ಬದಲಾಯಿತು. ರಾಜ್‌ಕುಮಾರ್ ನಾಯಕರಾದರು. ನರಸಿಂಹರಾಜು ಮನೆಮಾತಾದರು. ಆದರೂ ಕನ್ನಡ ಚಿತ್ರಗಳ ಸಂಖ್ಯೆ ಕಡಿಮೆಯೇ. ಸ್ಟುಡಿಯೋ, ಲ್ಯಾಬೊರೇಟರಿ, ತಂತ್ರಜ್ಞರು ಎಲ್ಲರೂ ಮದರಾಸಿನಲ್ಲಿ. ಒಂದೆರಡು ದಿನದ ಕಾಲ್‌ಶೀಟಿಗಾಗಿ ಕನ್ನಡ ನಟ ಅಲ್ಲಿಯೇ ಕೋಣೆ ಹಿಡಿದು ಕಾಯಬೇಕು. ತಮಿಳು, ತೆಲುಗು ಚಿತ್ರಗಳ ಕೆಲಸ ಮುಗಿದ ಮೇಲೆ ಫ್ಲೋರ್ ಖಾಲಿಯಾದರೆ ಕನ್ನಡಕ್ಕೆ ಸರದಿ. ನಾಯಕ ನಟನಿಗೆ ಒಂದು ಚಿತ್ರದಲ್ಲಿ ಮೂವತ್ತು ನಲವತ್ತು ದಿನ ಕೆಲಸವಿದ್ದರೆ ಪೋಷಕ ನಟನಿಗೆ ನಾಲ್ಕೋ ಐದೋ ದಿನ. ಸಂಭಾವನೆಯೂ ಅದೇ ಲೆಕ್ಕದಲ್ಲಿ. ಆದರೆ ಮನೆ ಬಾಡಿಗೆ ಇಬ್ಬರಿಗೂ ಮೂವತ್ತು ದಿನದ್ದೇ.

ಇದರ ಜೊತೆಗೆ ಡಬ್ಬಿಂಗ್ ಚಿತ್ರಗಳ ಹಾವಳಿ. ತೆಲುಗಿನ ಅದ್ದೂರಿ ಪೌರಾಣಿಕ ಚಿತ್ರಗಳು ಕನ್ನಡ ಮಾತು ತೊಟ್ಟು ಬಂದಾಗ ಇಲ್ಲಿನ ಚಿತ್ರೋದ್ಯಮ ನಡುಗಿತು. ಡಬ್ಬಿಂಗ್‌ನಿಂದ ಹೆಚ್ಚು ಪೆಟ್ಟು ತಿಂದವರು ಪೋಷಕ ನಟರು ಎಂಬುದನ್ನು ಇಲ್ಲಿ ಗಮನಿಸಬೇಕು. ಡಬ್ ಆದ ಚಿತ್ರಕ್ಕೆ ಬೇಕಾಗಿದ್ದುದು ಧ್ವನಿ ಕೊಡುವ ಕೆಲವರು ಮಾತ್ರ. ಅಪ್ಪನ ಪಾತ್ರ, ಶ್ಯಾನುಭೋಗನ ಪಾತ್ರ, ದಲ್ಲಾಳಿಯ ಪಾತ್ರ, ಜಗಳಗಂಟಿ ಅತ್ತೆಯ ಪಾತ್ರ ಮಾಡುವವರಿಗೆ ಅಲ್ಲಿ ಕೆಲಸವಿಲ್ಲ. 1960ರ ದಶಕದ ಆರಂಭದಲ್ಲಿ ಅ.ನ.ಕೃ., ಮ. ರಾಮಮೂರ್ತಿ ಮೊದಲಾದವರು ಡಬ್ಬಿಂಗ್ ವಿರುದ್ಧ ಚಳವಳಿ ನಡೆಸಿದಾಗ ಅದರ ಹಿಂದೆ ಭಾಷಾಭಿಮಾನವಿದ್ದಂತೆ ಈ ನೂರಾರು ಕಲಾವಿದರ ಅನ್ನದ ಪ್ರಶ್ನೆಯೂ ಇತ್ತು.

ಆ ಚಳವಳಿ ಕಾವೇರುವ ಮೊದಲೇ ನಾಲ್ವರು ಕಲಾವಿದರು ತಮ್ಮದೇ ರೀತಿಯಲ್ಲಿ ಉತ್ತರ ಹುಡುಕಿದ್ದರು. ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಮತ್ತು ಬಾಲಕೃಷ್ಣ ಸೇರಿ ‘ಕನ್ನಡ ಚಲನಚಿತ್ರ ಕಲಾವಿದರ ಸಂಘ’ ಕಟ್ಟಿಕೊಂಡರು. ಚಿತ್ರಗಳಿಲ್ಲದಿದ್ದರೇನು, ನಾಟಕವಿದೆಯಲ್ಲ ಎಂದು ಊರೂರು ತಿರುಗಿ ನಾಟಕ ಆಡಿದರು. ತೆರೆಯ ಮೇಲೆ ಕಂಡ ಮುಖಗಳನ್ನು ಕಣ್ಣೆದುರು ನೋಡಲು ಜನ ಕಿಕ್ಕಿರಿದರು. ಹೀಗೆ ಬೆಳೆದ ವಿಶ್ವಾಸದ ಮೇಲೆ ನಾಲ್ವರೂ ಸೇರಿ ತಯಾರಿಸಿದ ಚಿತ್ರ 1960ರ ‘ರಣಧೀರ ಕಂಠೀರವ’. ಹದಿನೇಳನೇ ಶತಮಾನದಲ್ಲಿ ಮೈಸೂರನ್ನು ಆಳಿದ ಕಂಠೀರವ ನರಸರಾಜ ಒಡೆಯರ ಕಥೆ. ಎನ್.ಸಿ. ರಾಜನ್ ನಿರ್ದೇಶಿಸಿದ ಈ ಐತಿಹಾಸಿಕ ಚಿತ್ರ ಗೆದ್ದಿತು. ಕನ್ನಡ ಚಿತ್ರಕ್ಕೆ ಕನ್ನಡ ನಾಡಿನಲ್ಲೇ ಮಾರುಕಟ್ಟೆ ಇದೆ ಎಂಬ ಧೈರ್ಯ ಬಂತು.

ಈ ನಾಲ್ವರಲ್ಲಿ ವಯಸ್ಸಿನಲ್ಲಿ ಹಿರಿಯರು ಬಾಲಕೃಷ್ಣ. ಮುಂದೆ ರಾಜ್‌ಕುಮಾರ್ ನಾಡಿನ ಕಣ್ಮಣಿಯಾದರು. ಅಯ್ಯರ್ ಸಂಸ್ಕೃತದ ಮೊದಲ ಚಲನಚಿತ್ರ ‘ಆದಿ ಶಂಕರಾಚಾರ್ಯ’ ನಿರ್ದೇಶಿಸಿ ರಾಷ್ಟ್ರದ ಗಮನ ಸೆಳೆದರು. ನರಸಿಂಹರಾಜು ಬೇಡಿಕೆಯ ಉತ್ತುಂಗ ಕಂಡು 1979ರಲ್ಲಿ ತೀರಿಕೊಂಡರು. ಬಾಲಕೃಷ್ಣ ಮಾತ್ರ ಪೋಷಕ ನಟರಾಗಿಯೇ ಉಳಿದರು. ಆದರೆ ಅವರ ತಲೆಯಲ್ಲಿ ಮದರಾಸಿನ ಆ ದಿನಗಳು ಒಂದು ಹಟವನ್ನು ಬಿತ್ತಿದ್ದವು.

ಕುತಂತ್ರಿಯ ಮುಖ, ರಾಚೂಟಪ್ಪನ ಮನಸ್ಸು

ಬಾಲಕೃಷ್ಣ ಅವರ ಪಾತ್ರಗಳನ್ನು ಖಳ ಎಂದೋ ಹಾಸ್ಯ ಎಂದೋ ಒಂದೇ ಖಾನೆಗೆ ಹಾಕುವುದು ಸುಲಭವಲ್ಲ. ಅವರ ಖಳ ಕತ್ತಿ ಹಿಡಿಯುವವನಲ್ಲ. ಕಿವಿಯಲ್ಲಿ ವಿಷ ಊದುವವನು, ದಾಯಾದಿಗಳ ನಡುವೆ ಕಡ್ಡಿ ಗೀರುವವನು, ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವವನು. ಜನ ಅವನನ್ನು ಕಂಡು ಹಲ್ಲು ಕಡಿಯುವರು, ಮರುಕ್ಷಣ ನಗುವರು. ಏಕೆಂದರೆ ಅಂಥವನೊಬ್ಬ ಅವರ ಊರಿನಲ್ಲೂ ಇದ್ದ. ಪುರಾಣದ ಶಕುನಿಯನ್ನು ನಮ್ಮ ಹಳ್ಳಿಯ ಜಗಲಿಗೆ ತಂದು ಕೂರಿಸಿದಂತೆ ಇರುತ್ತಿದ್ದ ಆ ಪಾತ್ರಗಳು ಹೊಲ ಗದ್ದೆ, ಸಾಲ, ವ್ಯಾಜ್ಯ, ಮದುವೆ ಸಂಬಂಧಗಳ ಸುತ್ತ ಹೆಣೆದ ಅಂದಿನ ಸಾಮಾಜಿಕ ಚಿತ್ರಗಳಿಗೆ ಅಗತ್ಯವಾಗಿದ್ದವು.

ಈ ಮುಖದ ನಿಜವಾದ ಬೆಲೆ ಗೊತ್ತಾದದ್ದು 1972ರಲ್ಲಿ. ಟಿ.ಕೆ. ರಾಮರಾವ್ ಅವರ ಕಾದಂಬರಿ ಆಧರಿಸಿ ಸಿದ್ದಲಿಂಗಯ್ಯ ನಿರ್ದೇಶಿಸಿದ ‘ಬಂಗಾರದ ಮನುಷ್ಯ’ದಲ್ಲಿ ಬಾಲಕೃಷ್ಣ ಅವರಿಗೆ ಸಿಕ್ಕಿದ್ದು ರಾಚೂಟಪ್ಪನ ಪಾತ್ರ. ಅಕ್ಕನ ಸಂಸಾರಕ್ಕಾಗಿ ಹಳ್ಳಿಗೆ ಬಂದು ಬಂಜರು ನೆಲ ಹಸನು ಮಾಡಲು ಹೊರಟ ರಾಜೀವನಿಗೆ ಬೆನ್ನಾಗಿ ನಿಲ್ಲುವ ಹಿರಿಯ ಈ ರಾಚೂಟಪ್ಪ. ಅಷ್ಟು ವರ್ಷ ಬಾಲಕೃಷ್ಣ ಅವರ ಹುನ್ನಾರಗಳನ್ನೇ ನೋಡಿ ಬಂದಿದ್ದ ಪ್ರೇಕ್ಷಕನಿಗೆ ಈ ಮನುಷ್ಯ ಎಲ್ಲಿ ಕೈ ಕೊಡುತ್ತಾನೋ ಎಂಬ ಅನುಮಾನ ಬರುವುದು ಸಹಜ. ಚಿತ್ರ ಮುಗಿದರೂ ಆ ಮೋಸ ಬರುವುದಿಲ್ಲ. ಬದಲಿಗೆ ಒಬ್ಬ ಒರಟು ಮಾತಿನ, ಹೂವಿನ ಮನಸ್ಸಿನ ಹಳ್ಳಿಗ ನಿಧಾನವಾಗಿ ನಮ್ಮವನಾಗುತ್ತಾನೆ.

‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಅದನ್ನು ನೋಡಿ ಪಟ್ಟಣ ಬಿಟ್ಟು ಹಳ್ಳಿಗೆ ಮರಳಿದ ಯುವಕರ ಕಥೆಗಳನ್ನು ಇಂದಿಗೂ ಹೇಳುತ್ತಾರೆ. ಆ ಯಶಸ್ಸನ್ನು ನಾವು ರಾಜ್‌ಕುಮಾರ್ ಅವರ ಖಾತೆಗೆ ಬರೆದಿದ್ದೇವೆ, ಅದು ನ್ಯಾಯವೇ. ಆದರೆ ರಾಜೀವನ ಒಳ್ಳೆಯತನವನ್ನು ಊರಿನ ಪರವಾಗಿ ನಂಬುವ ಒಬ್ಬ ರಾಚೂಟಪ್ಪ ಇಲ್ಲದಿದ್ದರೆ ನಾವು ಅಷ್ಟು ಸುಲಭವಾಗಿ ನಂಬುತ್ತಿದ್ದೆವೇ? ಪೋಷಕ ಎಂಬ ಮಾತಿನ ಅರ್ಥವೇ ಅದು. ಮರುವರ್ಷ ಬಂದ ‘ಗಂಧದ ಗುಡಿ’ಯ ತಾರಾಗಣದಲ್ಲೂ ರಾಜ್‌ಕುಮಾರ್, ವಿಷ್ಣುವರ್ಧನ್, ಎಂ.ಪಿ. ಶಂಕರ್, ನರಸಿಂಹರಾಜು ಅವರ ಜೊತೆ ಬಾಲಕೃಷ್ಣ ಇದ್ದರು.

ಪೋಷಕ ನಟರಿಗೆ ಸಲ್ಲುವ ಮನ್ನಣೆಯ ವಿಷಯದಲ್ಲಿ ನಮ್ಮ ದೇಶವೇ ತಡಮಾಡಿದೆ. ರಾಷ್ಟ್ರ ಪ್ರಶಸ್ತಿಗಳಲ್ಲಿ ಪೋಷಕ ನಟ ಎಂಬ ವಿಭಾಗ ಸೇರಿದ್ದೇ 1984ರ ಚಿತ್ರಗಳಿಂದ. ಆಗ ಬಾಲಕೃಷ್ಣ ಎಪ್ಪತ್ತು ದಾಟಿದ್ದರು.

ಇಪ್ಪತ್ತು ಎಕರೆಯ ಕನಸು

ಮದರಾಸು ಬಿತ್ತಿದ ಹಟ ಎಂದೆವಲ್ಲ, ಅದು ಕನ್ನಡ ನಾಡಿನಲ್ಲೇ ಒಂದು ಸ್ಟುಡಿಯೋ ಕಟ್ಟಬೇಕೆಂಬ ಹಟ. ಮೈಸೂರಿನಲ್ಲಿ ಪ್ರೀಮಿಯರ್ ಸ್ಟುಡಿಯೋ ಇತ್ತು. ಬೆಂಗಳೂರಿನಲ್ಲಿ ಕಂಠೀರವ ಸ್ಟುಡಿಯೋ 1960ರ ದಶಕದಲ್ಲಿ ತಲೆ ಎತ್ತಿತು. ಕರ್ನಾಟಕದಲ್ಲೇ ತಯಾರಾಗುವ ಚಿತ್ರಗಳಿಗೆ ಸರ್ಕಾರ ಸಹಾಯಧನ ಕೊಡಲು ಆರಂಭಿಸಿದ್ದೂ ಆ ದಶಕದಲ್ಲೇ. ಮದರಾಸಿನಿಂದ ಚಿತ್ರೋದ್ಯಮವನ್ನು ಬೆಂಗಳೂರಿಗೆ ತರಬೇಕೆಂಬ ಮಾತು ಎಲ್ಲರ ಬಾಯಲ್ಲಿತ್ತು. ಬಾಯಿಮಾತನ್ನು ಬಿಟ್ಟು ಕೈ ಹಾಕಿದವರಲ್ಲಿ ಬಾಲಕೃಷ್ಣ ಒಬ್ಬರು. ಸರ್ಕಾರ 1969ರಲ್ಲಿ ಕೆಂಗೇರಿ ಹೋಬಳಿಯ ಮೈಲಸಂದ್ರದಲ್ಲಿ ಅವರಿಗೆ ಇಪ್ಪತ್ತು ಎಕರೆ ಜಮೀನು ಮಂಜೂರು ಮಾಡಿತು. ಸ್ಟುಡಿಯೋಗೆ ‘ಅಭಿಮಾನ್’ ಎಂದು ಹೆಸರಾಯಿತು.

ಇಂದಿನ ಬೆಂಗಳೂರಿನಲ್ಲಿ ಆ ಜಾಗ ನಗರದೊಳಗೇ ಇದೆ. ಅಂದು ಅದು ಊರಾಚೆಯ ಕುರುಚಲು ಕಾಡು. ತುರಹಳ್ಳಿಯ ಬಂಡೆಗಳು ಹತ್ತಿರದಲ್ಲಿ. ರಸ್ತೆ, ನೀರು, ವಿದ್ಯುತ್ ಎಲ್ಲವನ್ನೂ ಹೊಸದಾಗಿ ತರಬೇಕು. ಆಮೇಲೆ ಫ್ಲೋರ್, ದೀಪ, ಯಂತ್ರ. ದೊಡ್ಡ ನಿರ್ಮಾಪಕರಿಗೂ ಕಷ್ಟವಾದ ಈ ಸಾಹಸಕ್ಕೆ ಇಳಿದದ್ದು ಚಿತ್ರಕ್ಕೆ ನಾಲ್ಕೈದು ದಿನದ ಸಂಭಾವನೆ ಪಡೆಯುವ ಒಬ್ಬ ಪೋಷಕ ನಟ. ಆಗಲೇ ಅರವತ್ತರ ಹೊಸ್ತಿಲಲ್ಲಿದ್ದವರು. ದುಡಿದ ಹಣ ಅದಕ್ಕೇ ಸುರಿಯಿತು. ಸಾಲವೂ ಬೆನ್ನೇರಿತು.

ಕಾಲವೂ ಅವರ ಕಡೆ ಇರಲಿಲ್ಲ. ಕನ್ನಡ ಚಿತ್ರಗಳು ಸ್ಟುಡಿಯೋದ ನಾಲ್ಕು ಗೋಡೆ ಬಿಟ್ಟು ಹೊರಗೆ ಹೊರಟದ್ದು ಆ ವರ್ಷಗಳಲ್ಲೇ. ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ಚಿತ್ರಕ್ಕೆ ಚಿತ್ರದುರ್ಗದ ಕೋಟೆಯನ್ನೇ ರಂಗಸ್ಥಳ ಮಾಡಿಕೊಂಡರು. ‘ಗಂಧದ ಗುಡಿ’ ಕಾಡಿಗೆ ಹೋಯಿತು. ‘ಬಂಗಾರದ ಮನುಷ್ಯ’ ಹೊಲಕ್ಕೆ ಇಳಿಯಿತು. ಪರದೆಯ ಮೇಲೆ ಬರೆದ ಬೆಟ್ಟ, ಹಲಗೆಯ ಮನೆ ಪ್ರೇಕ್ಷಕರಿಗೆ ಬೇಡವಾದವು. ಸ್ಟುಡಿಯೋ ಇಲ್ಲದ ಕಷ್ಟ ಕಂಡಿದ್ದವರು ಸ್ಟುಡಿಯೋ ಕಟ್ಟುವ ವೇಳೆಗೆ ಸಿನಿಮಾಕ್ಕೆ ಸ್ಟುಡಿಯೋದ ಅಗತ್ಯವೇ ಕಡಿಮೆಯಾಗತೊಡಗಿತ್ತು. ತಾವೇ ಅಭಿನಯಿಸಿದ ಯಶಸ್ವೀ ಚಿತ್ರಗಳೇ ಆ ಬದಲಾವಣೆಯ ಮುಂಚೂಣಿಯಲ್ಲಿದ್ದವು.

ಹಾಗೆಂದು ಇಡೀ ಹೊಣೆಯನ್ನು ಕಾಲದ ಮೇಲೆ ಹೊರಿಸುವುದೂ ಸರಿಯಲ್ಲ. ಒಂದು ಉದ್ಯಮಕ್ಕೆ ಬೇಕಾದ ಸೌಕರ್ಯವನ್ನು ಒಬ್ಬ ನಟ ಒಂಟಿಯಾಗಿ ಕಟ್ಟಲು ಹೊರಟಾಗ ಉದ್ಯಮ ಅವನ ಜೊತೆ ನಿಲ್ಲಬೇಕಿತ್ತು. ಜಮೀನು ಕೊಟ್ಟ ಸರ್ಕಾರ ಅಲ್ಲಿಗೇ ಕೈ ತೊಳೆದುಕೊಳ್ಳದೆ ಬಂಡವಾಳದ ಬಗೆಗೂ ಯೋಚಿಸಬೇಕಿತ್ತು. ನಾಲ್ವರು ಸೇರಿ ‘ರಣಧೀರ ಕಂಠೀರವ’ ತಯಾರಿಸಿದ ಒಗ್ಗಟ್ಟು ಅಭಿಮಾನ್‌ಗೂ ಒದಗಿದ್ದರೆ ಆ ಇಪ್ಪತ್ತು ಎಕರೆಯ ಕಥೆ ಬೇರೆಯೇ ಆಗುತ್ತಿತ್ತೇನೋ.

ಉಳಿದದ್ದೇನು?

1995ರ ಜುಲೈ 19ರಂದು ಬಾಲಕೃಷ್ಣ ತೀರಿಕೊಂಡರು. ಮುಂದಿನ ವರ್ಷಗಳಲ್ಲಿ ಸ್ಟುಡಿಯೋ ಜಮೀನಿನ ಒಂದು ಭಾಗ ಪರಭಾರೆಯಾಯಿತು. ಉಳಿದದ್ದರ ಬಗ್ಗೆ ವ್ಯಾಜ್ಯ ಹುಟ್ಟಿ ನ್ಯಾಯಾಲಯದ ಮೆಟ್ಟಿಲೇರಿತು. 2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ನಿಧನರಾದಾಗ ಅವರ ಅಂತ್ಯಕ್ರಿಯೆ ಅಭಿಮಾನ್ ಸ್ಟುಡಿಯೋದ ಆವರಣದಲ್ಲಿ ನಡೆಯಿತು. ಅಲ್ಲಿಯೇ ಸ್ಮಾರಕವಾಗಬೇಕೆಂಬ ಅಭಿಮಾನಿಗಳ ಬೇಡಿಕೆ ವ್ಯಾಜ್ಯದಲ್ಲಿ ಸಿಕ್ಕಿಕೊಂಡಿತು. ಸರ್ಕಾರ ಕೊನೆಗೆ ಮೈಸೂರಿನ ಬಳಿ ಸ್ಮಾರಕ ನಿರ್ಮಿಸಿತು. 2023ರ ಜನವರಿಯಲ್ಲಿ ಅದು ಉದ್ಘಾಟನೆಯಾಯಿತು. 2025ರ ಆಗಸ್ಟ್‌ನಲ್ಲಿ ಅಭಿಮಾನ್ ಆವರಣದ ಸಮಾಧಿ ನೆಲಸಮವಾದ ಬೆನ್ನಿಗೇ ಆ ಜಮೀನನ್ನು ವಾಪಸು ಪಡೆಯಲು ಅರಣ್ಯ ಇಲಾಖೆ ಮುಂದಾಯಿತು.

ಈ ವ್ಯಾಜ್ಯದಲ್ಲಿ ಸರಿ ಯಾರದು, ತಪ್ಪು ಯಾರದು ಎಂಬುದನ್ನು ತೀರ್ಮಾನಿಸುವುದು ಕಾನೂನಿಗೆ ಬಿಟ್ಟ ವಿಷಯ. ಆದರೆ ಓದುಗರ ಮುಂದೆ ಇಡಬೇಕಾದ ಮಾತೊಂದಿದೆ. ನಾಯಕ ನಟರಿಗೆ ಸ್ಮಾರಕ ಬೇಕೆಂದು ಜನ ಬೀದಿಗಿಳಿಯುತ್ತಾರೆ. ಅದು ಜನರ ಪ್ರೀತಿ, ಅದನ್ನು ತಪ್ಪೆನ್ನುವಂತಿಲ್ಲ. ಪೋಷಕ ನಟನಿಗೆ ಆ ಭಾಗ್ಯವಿಲ್ಲ. ಬಾಲಕೃಷ್ಣ ತಮ್ಮ ಸ್ಮಾರಕವನ್ನು ತಾವೇ ಕಟ್ಟಿಕೊಂಡರು, ಅದೂ ತಮಗಾಗಿ ಅಲ್ಲ, ಕನ್ನಡ ಚಿತ್ರಗಳು ಕನ್ನಡ ನೆಲದಲ್ಲಿ ತಯಾರಾಗಲಿ ಎಂದು. ಅದೂ ಈಗ ದಾವೆಯ ಕಡತಗಳಲ್ಲಿ ಸಿಕ್ಕಿಕೊಂಡಿದೆ.

ಹಾಗಾದರೆ ಬಾಲಣ್ಣ ಎಲ್ಲಿದ್ದಾರೆ? ತಮ್ಮ ಚಿತ್ರಗಳಲ್ಲಿದ್ದಾರೆ. ಅದೂ ಅಷ್ಟು ಭದ್ರವಾದ ಜಾಗವೇನಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರತಿಯೇ ಇಂದು ನಮ್ಮಲ್ಲಿಲ್ಲ. ಹಳೆಯ ಚಿತ್ರಗಳ ಪ್ರತಿಗಳನ್ನು ಕಾಪಾಡುವಾಗ ನಾವು ನಾಯಕನ ಹೆಸರು ನೋಡಿ ಆರಿಸುತ್ತೇವೆ. ದೊಡ್ಡ ನಾಯಕರಿಲ್ಲದ, ಸಾಧಾರಣ ಯಶಸ್ಸು ಕಂಡ ಚಿತ್ರಗಳು ಮೊದಲು ಮೂಲೆ ಸೇರುತ್ತವೆ. ಐನೂರು ಚಿತ್ರಗಳಲ್ಲಿ ಹರಡಿಹೋದ ಪೋಷಕ ನಟನ ಬದುಕು ಹೀಗೆ ಚೂರು ಚೂರಾಗಿ ಕಳೆದುಹೋಗುತ್ತದೆ. ಯಾವ ಚಿತ್ರದಲ್ಲಿ ಯಾವ ಪಾತ್ರ ಮಾಡಿದರು ಎಂಬ ಪಟ್ಟಿಯನ್ನು ಪೂರ್ತಿಯಾಗಿ, ದೋಷವಿಲ್ಲದಂತೆ ಸಿದ್ಧಪಡಿಸುವ ಕೆಲಸಕ್ಕೆ ಇಪ್ಪತ್ತು ಎಕರೆ ಬೇಕಿಲ್ಲ. ಒಂದು ವಿಶ್ವವಿ­ದ್ಯಾಲಯದ ಒಂದು ಕೋಣೆ, ಇಬ್ಬರು ಆಸಕ್ತ ವಿದ್ಯಾರ್ಥಿಗಳು ಸಾಕು.

ಶ್ರವಣ ದೋಷವಿರುವ ಮಕ್ಕಳ ಶಾಲೆಗಳು ನಮ್ಮಲ್ಲಿವೆ. ಅಭಿನಯ ಕಲಿಸುವ ಸಂಸ್ಥೆಗಳೂ ಇವೆ. ಎದುರಿನವರ ಮಾತನ್ನೂ ತನ್ನ ಮಾತಿನಷ್ಟೇ ಶ್ರದ್ಧೆಯಿಂದ ಕಲಿತು, ಐವತ್ತು ವರ್ಷ ಎಲ್ಲರಿಗೂ ಸಮಯಕ್ಕೆ ಸರಿಯಾಗಿ ಉತ್ತರ ಕೊಟ್ಟ ಈ ನಟನ ಬದುಕು ಎರಡೂ ಕಡೆ ಪಾಠವಾಗಬಲ್ಲದು. ಜಮೀನು ಯಾರಿಗೆ ಸೇರಬೇಕೆಂದು ತೀರ್ಮಾನವಾದ ಮೇಲೂ ಆ ಪಾಠ ಮಾತ್ರ ಎಲ್ಲರಿಗೂ ಸೇರಿದ್ದಾಗಿ ಉಳಿಯುತ್ತದೆ.